ಹಂದಿಯ ಇನ್ಸುಲಿನ್ ಒಗ್ಗಿತು, ಹಂದಿಯ ಜೀವಕೋಶ ಯಾಕೆ ಒಗ್ಗುವುದಿಲ್ಲ?

ಪ್ರಶ್ನೆ: ನನ್ನ ಮಗಳಿಗೆ ಹದಿನಾಲ್ಕು ವರ್ಷ. ಟೈಪ್ 1 ಸಕ್ಕರೆ ಕಾಯಿಲೆ ಬಂದು ಐದು ವರ್ಷವಾಯಿತು. ಹಿಂದೆಲ್ಲ ಹಂದಿಯಿಂದ ತೆಗೆದ ಇನ್ಸುಲಿನ್ನನ್ನೇ ಜನ ಚುಚ್ಚಿಕೊಳ್ಳುತ್ತಿದ್ದರು ಎಂದು ಓದಿದೆ. ಅದು ಒಗ್ಗಿದ ಮೇಲೆ, ಅದನ್ನು ತಯಾರಿಸುವ ಹಂದಿಯ ಜೀವಕೋಶಗಳನ್ನೇ ಕಸಿ ಮಾಡಿದರೆ ದೇಹ ಯಾಕೆ ತಿರಸ್ಕರಿಸುತ್ತದೆ? ಇಲಿಗಳಲ್ಲಿ ಇದು ಯಾವಾಗಲೋ ಗೆದ್ದಿದೆ ಅಂತಾರೆ. ಮನುಷ್ಯರಿಗೆ ಯಾಕೆ ಇನ್ನೂ ಬಂದಿಲ್ಲ? ನಾವು ಇದಕ್ಕಾಗಿ ಕಾಯಬಹುದಾ?

ಉತ್ತರ: ನಿಮ್ಮ ಮೊದಲ ಪ್ರಶ್ನೆ ತುಂಬಾ ಸರಿಯಾದದ್ದು. ಅದರಿಂದಲೇ ಶುರು ಮಾಡುತ್ತೇನೆ.

ಇನ್ಸುಲಿನ್ ಅಂದರೆ ಒಂದು ಪುಟ್ಟ ಪ್ರೋಟೀನ್. 51 ಅಮೈನೋ ಆಮ್ಲಗಳನ್ನು ಪೋಣಿಸಿದ ಸರ. ಹಂದಿಯ ಇನ್ಸುಲಿನ್‌ಗೂ ನಮ್ಮದಕ್ಕೂ ಅದರಲ್ಲಿ ಒಂದೇ ಒಂದು ಮಣಿ ಬೇರೆ. ದನದ್ದಾದರೆ ಮೂರು ಬೇರೆ. ಇಷ್ಟು ಸಣ್ಣ ವ್ಯತ್ಯಾಸಕ್ಕೂ ಕೆಲವರ ದೇಹ ಪ್ರತಿಕಾಯ, ಅಂದರೆ ಹೊರಗಿನದ್ದಕ್ಕೆ ಅಂಟಿಕೊಂಡು ಎದುರಿಸುವ ಆಂಟಿಬಾಡಿ, ತಯಾರಿಸುತ್ತಿತ್ತು. ಆದರೆ ಹೆಚ್ಚಿನವರಿಗೆ ಅದರಿಂದ ದೊಡ್ಡ ತೊಂದರೆ ಆಗಲಿಲ್ಲ. 1920ರ ದಶಕದಿಂದ, 1982ರಲ್ಲಿ ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಮಾನವ ಇನ್ಸುಲಿನ್ ಬರುವವರೆಗೆ, ಲಕ್ಷಾಂತರ ಜನ ಬದುಕಿದ್ದು ಹಂದಿ, ದನಗಳ ಇನ್ಸುಲಿನ್‌ನಿಂದಲೇ.

ಜೀವಕೋಶದ ಮಾತು ಬೇರೆ. ದೂರದ ಊರಿನವರೊಬ್ಬರು ಬರೆದ ಕಾಗದ ಬಂದರೆ ಓದಿ ಇಟ್ಟುಕೊಳ್ಳುತ್ತೇವೆ. ಬರೆದವರೇ ಗಂಟುಮೂಟೆ ಸಮೇತ ಬಂದು ಮನೆಯಲ್ಲಿ ಕೂತರೆ? ಹಂದಿಯ ಒಂದು ಜೀವಕೋಶದಲ್ಲಿ ಸಾವಿರಾರು ಬಗೆಯ ಪ್ರೋಟೀನ್‌ಗಳಿವೆ. ಅದರ ಹೊರಮೈ ತುಂಬಾ ಸಕ್ಕರೆಯ ಸರಪಳಿಗಳಿವೆ. ಒಂದೊಂದೂ ದೇಹಕ್ಕೆ ಹೊಸ ಮುಖ.

ಅದೂ ಅಲ್ಲದೆ ನಾವು ಹಾಕುವುದು ಒಂಟಿ ಜೀವಕೋಶಗಳನ್ನಲ್ಲ. ಮೇದೋಜ್ಜೀರಕ ಗ್ರಂಥಿಯಲ್ಲಿ, ಅಂದರೆ ಪ್ಯಾಂಕ್ರಿಯಾಸ್‌ನಲ್ಲಿ, ಇನ್ಸುಲಿನ್ ಮಾಡುವ ಬೀಟಾ ಕೋಶಗಳು ಬೇರೆ ಕೆಲವು ಕೋಶಗಳ ಜೊತೆ ಸಣ್ಣ ಸಣ್ಣ ಗುಂಪುಗಳಾಗಿ ಕೂತಿರುತ್ತವೆ. 1869ರಲ್ಲಿ ಪಾಲ್ ಲ್ಯಾಂಗರ್‌ಹಾನ್ಸ್ ಎಂಬ ವೈದ್ಯ ವಿದ್ಯಾರ್ಥಿ ಇವನ್ನು ಮೊದಲು ಗುರುತಿಸಿದ. ಇವಕ್ಕೇ ಐಲೆಟ್ ಅನ್ನುವುದು. ಒಬ್ಬ ಮನುಷ್ಯನಲ್ಲಿ ಸುಮಾರು ಹತ್ತು ಲಕ್ಷ ಐಲೆಟ್‌ಗಳಿದ್ದರೂ, ಎಲ್ಲ ಸೇರಿ ಗ್ರಂಥಿಯ ತೂಕದ ನೂರಕ್ಕೆ ಒಂದೆರಡು ಪಾಲು ಅಷ್ಟೇ. ಉಳಿದದ್ದೆಲ್ಲ ಜೀರ್ಣರಸ ಮಾಡುವ ಭಾಗ. ಲ್ಯಾಬಿನಲ್ಲಿ ಅದನ್ನೆಲ್ಲ ಕರಗಿಸಿ ಐಲೆಟ್‌ಗಳನ್ನು ಬೇರೆ ಮಾಡಬೇಕು. ಆಮೇಲೆ ಡಿಥಿಜೋನ್ ಎಂಬ ಬಣ್ಣ ಹಾಕಿದರೆ ಅವು ಕೆಂಪಗೆ ಎದ್ದು ಕಾಣುತ್ತವೆ, ಯಾಕೆಂದರೆ ಇನ್ಸುಲಿನ್ ಜೊತೆ ಅವುಗಳಲ್ಲಿ ಸತು ಇರುತ್ತದೆ. ಮೈಕ್ರೋಸ್ಕೋಪಿನಲ್ಲಿ ಮೊದಲ ಸಲ ಆ ಕೆಂಪು ಕಾಳುಗಳನ್ನು ನೋಡಿದಾಗ, ಇಷ್ಟೇ ತಾನೇ, ಹಾಕಿಬಿಟ್ಟರೆ ಆಯಿತು ಅಂತ ನನಗೂ ಅನಿಸಿತ್ತು.

ನಮಗಿಂತ ಮುಂಚೆಯೂ ಹಾಗೆ ಅನಿಸಿದವರಿದ್ದರು. 1893ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವಾಟ್ಸನ್ ವಿಲಿಯಮ್ಸ್ ಎಂಬ ವೈದ್ಯರು, ಸಾವಿನಂಚಿನಲ್ಲಿದ್ದ 15 ವರ್ಷದ ಹುಡುಗನ ಚರ್ಮದಡಿ ಕುರಿಯ ಪ್ಯಾಂಕ್ರಿಯಾಸ್ ತುಂಡುಗಳನ್ನು ಇಟ್ಟರು. ಇನ್ಸುಲಿನ್ ಎಂಬ ಹೆಸರೇ ಇಲ್ಲದ ಕಾಲ ಅದು. ಹುಡುಗ ಮೂರು ದಿನದಲ್ಲಿ ತೀರಿಕೊಂಡ. ಯಾಕೆ ಕೆಲಸ ಮಾಡಲಿಲ್ಲ ಎಂದು ಹೇಳಬಲ್ಲವರು ಆಗ ಯಾರೂ ಇರಲಿಲ್ಲ.

ಈಗ ಹೇಳಬಹುದು. ಆದರೆ ಉತ್ತರ ಒಂದಲ್ಲ. ‘ದೇಹ ತಿರಸ್ಕರಿಸಿತು’ ಅನ್ನುವ ಎರಡು ಪದಗಳೊಳಗೆ ಮೂರು ನಾಲ್ಕು ಬೇರೆ ಬೇರೆ ಸಂಗತಿಗಳು ಅಡಗಿವೆ. ಒಂದೊಂದು ಒಂದೊಂದು ಹೊತ್ತಿಗೆ ನಡೆಯುತ್ತದೆ. ಒಂದನ್ನು ತಡೆಯುವ ಔಷಧ ಇನ್ನೊಂದಕ್ಕೆ ನಾಟುವುದಿಲ್ಲ.

ಮೊದಲ ಹೊಡೆತ ಬೀಳುವುದು ನಿಮಿಷಗಳಲ್ಲಿ. ಐಲೆಟ್‌ಗಳನ್ನು ಸಾಮಾನ್ಯವಾಗಿ ಲಿವರಿಗೆ ಹೋಗುವ ಪೋರ್ಟಲ್ ರಕ್ತನಾಳಕ್ಕೆ ಬಿಡುತ್ತಾರೆ. ಅವು ತೇಲಿಕೊಂಡು ಹೋಗಿ ಲಿವರಿನ ಸಣ್ಣ ನಾಳಗಳಲ್ಲಿ ನಿಲ್ಲುತ್ತವೆ. ಗ್ರಂಥಿಯ ಒಳಗಿದ್ದಾಗ ಐಲೆಟ್‌ನ ಹೊರಮೈ ಎಂದೂ ನೇರವಾಗಿ ರಕ್ತದಲ್ಲಿ ಮುಳುಗಿದ್ದಿಲ್ಲ. ಈಗ ಒಮ್ಮೆಲೇ ಮುಳುಗುತ್ತದೆ. ಅದರ ಮೇಲೆ ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನ್ ಇದೆ. ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಸನ್ನೆ ಕೊಡುವುದು ಇದೇ. ರಕ್ತಕ್ಕೆ ಇದು ಕಸಿ ಎಂದು ಹೇಗೆ ಗೊತ್ತಾಗಬೇಕು? ಎಲ್ಲೋ ನಾಳ ಒಡೆದಿದೆ ಎಂದುಕೊಳ್ಳುತ್ತದೆ. ಪ್ಲೇಟ್‌ಲೆಟ್‌ಗಳು ಬಂದು ಅಂಟುತ್ತವೆ, ಹೆಪ್ಪು ಕಟ್ಟುತ್ತದೆ, ಬಿಳಿ ರಕ್ತಕಣಗಳು ಐಲೆಟ್‌ನೊಳಗೆ ನುಗ್ಗುತ್ತವೆ. ಜೊತೆಗೆ ಕಾಂಪ್ಲಿಮೆಂಟ್ ಎಂಬ ರಕ್ತದ ಪ್ರೋಟೀನ್‌ಗಳ ಸಾಲು ಎಚ್ಚರಗೊಂಡು ಜೀವಕೋಶದ ಪೊರೆಗೆ ತೂತು ಕೊರೆಯುತ್ತದೆ. ಸ್ವೀಡನ್ನಿನ ಉಪ್ಸಾಲಾದ ಸಂಶೋಧಕರು ಇದನ್ನು ವಿವರವಾಗಿ ತೋರಿಸಿಕೊಟ್ಟರು.

ಇದರಲ್ಲಿ ಒಂದು ವಿಚಿತ್ರವಿದೆ. ಈ ಗಲಾಟೆ ಮನುಷ್ಯನ ಐಲೆಟ್ ಹಾಕಿದರೂ ಆಗುತ್ತದೆ. ನಮ್ಮದೇ ಐಲೆಟ್ ತೆಗೆದು ನಮಗೇ ಹಾಕಿದರೂ ಸ್ವಲ್ಪ ಮಟ್ಟಿಗೆ ಆಗುತ್ತದೆ. ಅಂದರೆ ಇದು ಪೂರ್ತಿಯಾಗಿ ತಿರಸ್ಕಾರವೂ ಅಲ್ಲ, ಜಾಗ ತಪ್ಪಿದ್ದರ ಫಲ. ಹಾಕಿದ ಐಲೆಟ್‌ಗಳಲ್ಲಿ ಅರ್ಧದಷ್ಟೋ ಅದಕ್ಕಿಂತ ಜಾಸ್ತಿಯೋ ಮೊದಲ ಕೆಲವು ದಿನಗಳಲ್ಲೇ ನಷ್ಟವಾಗುತ್ತವೆ ಎಂಬ ಅಂದಾಜಿದೆ. ಹಂದಿಯದ್ದಾದರೆ ಇನ್ನೂ ಜೋರು. ನಮ್ಮ ಜೀವಕೋಶಗಳ ಮೇಲೆ ಕಾಂಪ್ಲಿಮೆಂಟನ್ನು ತಡೆದು ನಿಲ್ಲಿಸುವ ಸಿಡಿ46, ಸಿಡಿ55ರಂಥ ಪ್ರೋಟೀನ್‌ಗಳಿವೆ. ಹಂದಿಯ ಜೀವಕೋಶಕ್ಕೂ ಅದರದ್ದೇ ತಡೆಗಳಿವೆ, ಆದರೆ ಅವು ನಮ್ಮ ರಕ್ತದೆದುರು ಸಾಕಷ್ಟು ಕೆಲಸ ಮಾಡುವುದಿಲ್ಲ. ಮೇಲಿನಿಂದ, ನಮ್ಮ ರಕ್ತದಲ್ಲಿ ಹಂದಿಯ ವಿರುದ್ಧ ಪ್ರತಿಕಾಯಗಳು ಮೊದಲೇ ತಯಾರಾಗಿ ಕೂತಿರುತ್ತವೆ.

ಜನ್ಮದಲ್ಲಿ ಹಂದಿಯ ಹತ್ತಿರ ಸುಳಿಯದವರಲ್ಲೂ ಅವು ಇರುತ್ತವೆ. ಎಲ್ಲಿಂದ ಬಂದವು? ಹಂದಿ, ದನ, ನಾಯಿ, ಇಲಿ ಇವುಗಳೆಲ್ಲದರ ಜೀವಕೋಶಗಳ ಮೇಲೆ ಆಲ್ಫಾ-ಗಾಲ್ ಎಂಬ ಸಕ್ಕರೆ ಇದೆ. ಮನುಷ್ಯರು, ವಾನರಗಳು ಮತ್ತು ಏಷ್ಯಾ, ಆಫ್ರಿಕಾದ ಕೋತಿಗಳು ಅದನ್ನು ಮಾಡುವ ಜೀನನ್ನು ಎರಡು ಕೋಟಿ ವರ್ಷಗಳಿಗೂ ಹಿಂದೆ ಕಳೆದುಕೊಂಡವು. ನಮ್ಮ ಕರುಳಿನ ಬ್ಯಾಕ್ಟೀರಿಯಾಗಳ ಮೇಲೆ ಅಂಥದೇ ಸಕ್ಕರೆ ಇರುವುದರಿಂದ, ಹುಟ್ಟಿದ ಸ್ವಲ್ಪ ಕಾಲದಲ್ಲೇ ದೇಹ ಅದರ ವಿರುದ್ಧ ಪ್ರತಿಕಾಯ ತಯಾರಿಸಲು ಶುರು ಮಾಡುತ್ತದೆ. ರಕ್ತದಲ್ಲಿರುವ ಐಜಿಜಿ ಎಂಬ ಮುಖ್ಯ ಬಗೆಯ ಪ್ರತಿಕಾಯಗಳಲ್ಲಿ ನೂರಕ್ಕೆ ಒಂದರಷ್ಟು ಇದೊಂದರ ಮೇಲೆಯೇ ಗುರಿಯಿಟ್ಟಿವೆ. ಒಂದು ಸಕ್ಕರೆಗೆ ಇದು ಸಣ್ಣ ಪಾಲಲ್ಲ. (ಒಂದು ಬಗೆಯ ಉಣ್ಣಿ ಹುಳ ಕಚ್ಚಿದ ಮೇಲೆ ಕೆಲವರಿಗೆ ಮಾಂಸ ತಿಂದರೆ ಅಲರ್ಜಿಯಾಗುತ್ತದೆ ಎಂದು ಕೇಳಿರಬಹುದು. ಅದೂ ಇದೇ ಸಕ್ಕರೆಯ ಕಾರುಬಾರು.)

ಹಂದಿಯ ಇಡೀ ಹೃದಯವನ್ನೋ ಮೂತ್ರಪಿಂಡವನ್ನೋ ಹಾಗೆಯೇ ಜೋಡಿಸಿದರೆ ಈ ಪ್ರತಿಕಾಯಗಳು ನಿಮಿಷ, ಗಂಟೆಗಳಲ್ಲೇ ಅದರ ರಕ್ತನಾಳಗಳ ಒಳಪದರವನ್ನು ಹಾಳುಮಾಡಿ ಅಂಗವನ್ನು ಕಪ್ಪಾಗಿಸುತ್ತವೆ. ಐಲೆಟ್‌ಗೆ ಇಲ್ಲಿ ಒಂದು ರಿಯಾಯಿತಿ ಇದೆ. ಅದು ತನ್ನ ರಕ್ತನಾಳಗಳನ್ನು ಜೋಡಿಸಿಕೊಂಡು ಬರುವುದಿಲ್ಲ. ಬಂದ ಮೇಲೆ ಒಂದೆರಡು ವಾರಗಳಲ್ಲಿ ಹೆಚ್ಚಾಗಿ ನಮ್ಮ ನಾಳಗಳೇ ಅದರೊಳಗೆ ಬೆಳೆಯುತ್ತವೆ. ಜೊತೆಗೆ ದೊಡ್ಡ ಹಂದಿಯ ಐಲೆಟ್‌ಗಳ ಮೇಲೆ ಆಲ್ಫಾ-ಗಾಲ್ ತೀರಾ ಕಡಿಮೆ. ಮರಿಯ ಐಲೆಟ್‌ಗಳ ಮೇಲೆ ಮಾತ್ರ ಚೆನ್ನಾಗಿಯೇ ಇರುತ್ತದೆ. ಮರಿಯದ್ದು ಲ್ಯಾಬಿನಲ್ಲಿ ಗಟ್ಟಿಯಾಗಿ ಉಳಿಯುತ್ತದೆ, ಆದರೆ ಇನ್ಸುಲಿನ್ ಮಾಡಲು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ. ದೊಡ್ಡದರದ್ದು ತಕ್ಷಣ ಕೆಲಸಕ್ಕೆ ಇಳಿಯುತ್ತದೆ, ಆದರೆ ಬೇರ್ಪಡಿಸುವಾಗಲೇ ಒಡೆದುಹೋಗುತ್ತದೆ. ಯಾವುದನ್ನು ಆರಿಸಿದರೂ ಒಂದು ಕಡೆ ಏಟು.

ಆಲ್ಫಾ-ಗಾಲ್ ಜೀನ್ ತೆಗೆದ ಹಂದಿಗಳು ಈ ಶತಮಾನದ ಶುರುವಿನಲ್ಲೇ ಹುಟ್ಟಿದವು. ಆಗ ಎಲ್ಲರೂ ನಿಟ್ಟುಸಿರು ಬಿಟ್ಟರು. ಸ್ವಲ್ಪ ದಿನಕ್ಕೆ ಇನ್ನೆರಡು ಸಕ್ಕರೆಗಳ ವಿರುದ್ಧವೂ ಪ್ರತಿಕಾಯಗಳಿರುವುದು ಎದ್ದು ಕಂಡಿತು. ಈಗ ಮೂರನ್ನೂ ತೆಗೆದ ಹಂದಿಗಳಿವೆ. ಈ ಕ್ಷೇತ್ರದಲ್ಲಿ ಹೀಗೆಯೇ. ಮುಂದಿನದು ಕಾಣುವುದು ಹಿಂದಿನದು ಸರಿದ ಮೇಲೆ.

ಇವೆರಡನ್ನೂ ದಾಟಿ ಉಳಿದ ಐಲೆಟ್‌ಗೆ ಕಾದಿರುವುದು ಟಿ ಕೋಶಗಳು, ಅಂದರೆ ಹೊರಗಿನದ್ದನ್ನು ಗುರುತಿಸಿ ದಾಳಿ ಮಾಡುವ ಬಿಳಿ ರಕ್ತಕಣಗಳು. ನಿಜವಾದ ತಲೆನೋವು ಇವೇ. ಮನುಷ್ಯನಿಂದ ಮನುಷ್ಯನಿಗೆ ಕಸಿ ಮಾಡಿದಾಗ ಟಿ ಕೋಶಗಳು ಮುಖ್ಯವಾಗಿ ಎಚ್‌ಎಲ್‌ಎ ಎಂಬ ಗುರುತಿನ ಪ್ರೋಟೀನ್‌ಗಳ ವ್ಯತ್ಯಾಸಕ್ಕೆ ಕೆರಳುತ್ತವೆ. ಹಂದಿಯದ್ದಾದರೆ ಹಾಗಲ್ಲ. ಸಾಯುತ್ತಿರುವ ಐಲೆಟ್‌ನ ಚೂರುಗಳನ್ನು ನಮ್ಮದೇ ಕಾವಲು ಕೋಶಗಳು ನುಂಗಿ, ಜಗಿದು, ತುಣುಕುಗಳನ್ನು ಸಿಡಿ4 ಎಂಬ ಬಗೆಯ ಟಿ ಕೋಶಗಳಿಗೆ ತೋರಿಸುತ್ತವೆ. ಎರಡು ಪ್ರಾಣಿಗಳ ನಡುವೆ ಬಹುಪಾಲು ಪ್ರೋಟೀನ್‌ಗಳಲ್ಲಿ ಅಷ್ಟಿಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಹಾಗಾಗಿ ತೋರಿಸಲು ತುಣುಕುಗಳಿಗೆ ಬರವೇ ಇಲ್ಲ. ಮೊದಲ ದಿನದ ಹೆಪ್ಪಿನ ಗಲಾಟೆಯಲ್ಲಿ ಸತ್ತ ಐಲೆಟ್‌ಗಳೂ ಈ ಟಿ ಕೋಶಗಳಿಗೆ ಪಾಠದ ಪುಸ್ತಕವಾಗುತ್ತವೆ. ಮೊದಲ ಗಂಟೆ ಚೆನ್ನಾಗಿ ಹೋಗದಿದ್ದರೆ ಮೂರನೇ ವಾರವೂ ಚೆನ್ನಾಗಿರುವುದಿಲ್ಲ ಅಂತ ನಾನು ಹೇಳುವುದು ಇದಕ್ಕೇ.

ಹೊರಗಿನದ್ದನ್ನು ನುಂಗುವ ಮ್ಯಾಕ್ರೋಫೇಜ್ ಎಂಬ ಕೋಶಗಳದ್ದು ಇನ್ನೊಂದು ಕಥೆ. ನಮ್ಮ ಜೀವಕೋಶಗಳ ಮೇಲೆ ಸಿಡಿ47 ಎಂಬ ಪ್ರೋಟೀನ್ ಇರುತ್ತದೆ. ‘ನನ್ನನ್ನು ನುಂಗಬೇಡ’ ಅನ್ನುವ ಸನ್ನೆ ಅದು. ಹಂದಿಯ ಸಿಡಿ47 ಹೇಳುವುದು ನಮ್ಮ ಮ್ಯಾಕ್ರೋಫೇಜ್‌ಗೆ ಅರ್ಥವಾಗುವುದಿಲ್ಲ. ಸುಮ್ನೆ ನುಂಗಿಬಿಡುತ್ತದೆ.

ಈಗ ಇಲಿಗಳ ವಿಷಯ. 1972ರಲ್ಲಿ ಅಮೆರಿಕದ ಪಾಲ್ ಲೇಸಿ ಮತ್ತು ವಾಲ್ಟರ್ ಬ್ಯಾಲಿಂಜರ್ ಇಲಿಯಿಂದ ಇಲಿಗೆ ಐಲೆಟ್ ಹಾಕಿ ಸಕ್ಕರೆ ಕಾಯಿಲೆಯನ್ನು ಹತೋಟಿಗೆ ತಂದರು. ಕೆಲವು ವರ್ಷಗಳ ನಂತರ ಲೇಸಿಯವರ ತಂಡ ರ‍್ಯಾಟ್ ಎನ್ನುವ ದೊಡ್ಡ ಇಲಿಯ ಐಲೆಟ್‌ಗಳನ್ನು ಮೌಸ್ ಎನ್ನುವ ಚಿಕ್ಕ ಇಲಿಗೆ ಹಾಕಿ ಬಹುಕಾಲ ಉಳಿಸಿತು. ಅದಕ್ಕೂ ಮುಂಚೆ ಐಲೆಟ್‌ಗಳನ್ನು ಕೆಲವು ದಿನ ತಂಪಿನಲ್ಲಿ ಇಟ್ಟಿದ್ದರು. ಐಲೆಟ್ ಜೊತೆ ಬರುವ ದಾನಿಯ ಬಿಳಿ ಕಣಗಳು ಅಷ್ಟರಲ್ಲಿ ಸಾಯುತ್ತವೆ ಎಂಬ ಲೆಕ್ಕ. ಜಾಣತನದ ಕೆಲಸ ಅದು. ಆದರೆ ರ‍್ಯಾಟ್ ಮತ್ತು ಮೌಸ್ ಹತ್ತಿರದ ನೆಂಟರು. ಒಂದರ ರಕ್ತದಲ್ಲಿ ಇನ್ನೊಂದರ ವಿರುದ್ಧ ಮೊದಲೇ ತಯಾರಾದ ಪ್ರತಿಕಾಯಗಳ ಕಾಟ ಅಷ್ಟಿಲ್ಲ. ಇಲಿಗೂ ಆಲ್ಫಾ-ಗಾಲ್ ಇದೆ ಎಂದೆನಲ್ಲ, ಹಾಗಾಗಿ ಅದರ ಮೇಲೆ ಇಲಿಗೆ ಕೋಪವಿಲ್ಲ. ಲ್ಯಾಬಿನ ಇಲಿ ಶುದ್ಧ ಪಂಜರದಲ್ಲಿ ಬೆಳೆದದ್ದು, ಸೋಂಕುಗಳನ್ನೇ ಹೆಚ್ಚು ಕಂಡಿಲ್ಲ. ಮನುಷ್ಯರಲ್ಲಿ ಹಳೆಯ ಸೋಂಕುಗಳ ನೆನಪಿರುವ ಟಿ ಕೋಶಗಳು ತುಂಬಿರುತ್ತವೆ. ಇಲಿಯಲ್ಲಿ ಗೆದ್ದದ್ದು ಕೋತಿಯಲ್ಲಿ ಬೀಳುವುದು ಇಂಥ ಕಾರಣಗಳಿಗೆ. ಹಾಗಾಗಿ ಸುದ್ದಿ ಓದುವಾಗ ಯಾವ ಪ್ರಾಣಿಯಿಂದ ಯಾವ ಪ್ರಾಣಿಗೆ ಅನ್ನುವುದನ್ನು ನಾನು ಮೊದಲು ನೋಡುತ್ತೇನೆ.

ಕೋತಿಗಳಲ್ಲಿ ಆಗಿಲ್ಲವೆಂದಲ್ಲ. 2006ರಲ್ಲಿ ಅಮೆರಿಕದ ಎರಡು ತಂಡಗಳು ಹಂದಿಯ ಐಲೆಟ್‌ಗಳಿಂದ ಕೋತಿಗಳ ಶುಗರನ್ನು ನೂರು ದಿನಕ್ಕೂ ಮೀರಿ ಹತೋಟಿಯಲ್ಲಿಟ್ಟವು. 2015ರಲ್ಲಿ ದಕ್ಷಿಣ ಕೊರಿಯಾದ ಸೋಲ್‌ನ ತಂಡ ಒಂದು ಕೋತಿಯಲ್ಲಿ 600 ದಿನ ದಾಟಿತು. ಆದರೆ ಅದಕ್ಕೆ ಬಳಸಿದ ಔಷಧಗಳನ್ನು ನೋಡಬೇಕು. ಟಿ ಕೋಶಗಳಿಗೆ ಸಿಗುವ ಎರಡನೇ ಸನ್ನೆಯನ್ನು ತಡೆಯುವ, ಸಿಡಿ154ರ ವಿರುದ್ಧದ ಪ್ರತಿಕಾಯ ಇಲ್ಲಿ ದೊಡ್ಡ ಕೆಲಸ ಮಾಡಿತು. ಅದರ ಹಳೆಯ ರೂಪವನ್ನು ಮನುಷ್ಯರಿಗೆ ಕೊಟ್ಟಾಗ ರಕ್ತನಾಳಗಳಲ್ಲಿ ಹೆಪ್ಪು ಕಟ್ಟುವ ತೊಂದರೆ ಬಂದು ಪ್ರಯೋಗಗಳು ನಿಂತಿದ್ದವು. ಆ ದೋಷ ತೆಗೆದ ಹೊಸ ರೂಪಗಳು ಈಗ ಬಂದಿವೆ. ಇದು ನನಗೆ ಭರವಸೆ ಕೊಡುವ ಸಂಗತಿ.

ಮನುಷ್ಯರಿಗೂ ಹಾಕಿ ನೋಡಿದ್ದಾರೆ. 1990ರ ದಶಕದ ಶುರುವಿನಲ್ಲಿ ಸ್ವೀಡನ್ನಿನ ಕಾರ್ಲ್ ಗ್ರಾತ್ ಅವರ ತಂಡ ಹಂದಿ ಭ್ರೂಣದ ಐಲೆಟ್ ಗುಂಪುಗಳನ್ನು ಹತ್ತು ಜನರಿಗೆ ಹಾಕಿತು. ಇವರೆಲ್ಲ ಮೂತ್ರಪಿಂಡದ ಕಸಿಗಾಗಿ ಇಮ್ಯುನಿಟಿ ತಗ್ಗಿಸುವ ಔಷಧ ಹೇಗೂ ತೆಗೆದುಕೊಳ್ಳುತ್ತಿದ್ದವರು. ನಾಲ್ವರ ಮೂತ್ರದಲ್ಲಿ 200ರಿಂದ 400 ದಿನಗಳವರೆಗೆ ಹಂದಿಯ ಸಿ-ಪೆಪ್ಟೈಡ್ ಕಂಡಿತು. ಇನ್ಸುಲಿನ್ ತಯಾರಾಗುವಾಗ ಕತ್ತರಿಸಿ ಬೀಳುವ ತುಂಡು ಇದು. ಹಂದಿಯದ್ದು ಬೇರೆ, ಮನುಷ್ಯನದ್ದು ಬೇರೆ, ಎರಡನ್ನೂ ಬಿಡಿಸಿ ಅಳೆಯಬಹುದು. ಅಂದರೆ ಹಂದಿಯ ಕೋಶ ಮನುಷ್ಯನೊಳಗೆ ವರ್ಷದ ಹತ್ತಿರ ಬದುಕಿತ್ತು! ಆದರೆ ಒಬ್ಬರಿಗೂ ಇನ್ಸುಲಿನ್ ಚುಚ್ಚುಮದ್ದು ಬಿಡಲು ಆಗಲಿಲ್ಲ. ಉಳಿದಿದ್ದು ಅಷ್ಟು ಕಡಿಮೆ.

ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇಲ್ಲಿದೆ. ಹಂದಿಯ ಐಲೆಟ್ ಮನುಷ್ಯನಲ್ಲಿ ಬದುಕುತ್ತದೆಯೇ ಅನ್ನುವುದಕ್ಕಿಂತ, ಅದನ್ನು ಬದುಕಿಸಲು ಏನು ತೆರಬೇಕು ಅನ್ನುವುದು ದೊಡ್ಡ ಪ್ರಶ್ನೆ. ಹೃದಯ ನಿಲ್ಲುತ್ತಿರುವವರಿಗೆ ಬೇರೆ ದಾರಿ ಇರುವುದಿಲ್ಲ, ಅವರು ಎಂಥ ಔಷಧಕ್ಕೂ ಒಪ್ಪಬಹುದು. ಟೈಪ್ 1 ಇರುವ ಹದಿನಾಲ್ಕರ ಹುಡುಗಿಗೆ ಇನ್ಸುಲಿನ್ ಇದೆ. ಬೇಸರದ ಕೆಲಸ ನಿಜ, ಆದರೆ ಕೆಲಸ ಮಾಡುತ್ತದೆ. ಜೀವನಪೂರ್ತಿ ಇಮ್ಯುನಿಟಿ ತಗ್ಗಿಸಿದರೆ ಸೋಂಕು, ಕೆಲವು ಬಗೆಯ ಕ್ಯಾನ್ಸರ್, ಮೂತ್ರಪಿಂಡಕ್ಕೆ ಪೆಟ್ಟು, ಇವೆಲ್ಲದರ ಅಪಾಯ ಏರುತ್ತದೆ. ಇನ್ನೊಂದು ಪೇಚೂ ಇದೆ. ಕಸಿಯಲ್ಲಿ ಹೆಚ್ಚು ಬಳಸುವ ಟ್ಯಾಕ್ರೋಲಿಮಸ್ ಮತ್ತು ಸ್ಟೀರಾಯ್ಡ್‌ಗಳೇ ಶುಗರ್ ಏರಿಸುತ್ತವೆ. 2000ನೇ ಇಸವಿಯಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ಜೇಮ್ಸ್ ಶಾಪಿರೋ ತಂಡ ಸ್ಟೀರಾಯ್ಡ್ ಬಿಟ್ಟು, ಮನುಷ್ಯರದ್ದೇ ಐಲೆಟ್ ಹಾಕಿ, ಏಳಕ್ಕೆ ಏಳು ಜನರ ಇನ್ಸುಲಿನ್ ಬಿಡಿಸಿದಾಗ ಜಗತ್ತೇ ತಿರುಗಿ ನೋಡಿತು. ಆಮೇಲೆ ಹೆಚ್ಚು ಜನರಿಗೆ ಮಾಡಿ ಐದು ವರ್ಷದ ನಂತರ ನೋಡಿದರೆ, ಇನ್ಸುಲಿನ್ ಇಲ್ಲದೆ ಉಳಿದವರು ಸುಮಾರು ನೂರಕ್ಕೆ ಹತ್ತು ಮಂದಿ. ಇದು ಮನುಷ್ಯರ ಐಲೆಟ್‌ನ ಕಥೆ, ನೆನಪಿಡಿ. ಹಾಗಾಗಿ ಈ ಕಸಿಯನ್ನು ಇವತ್ತಿಗೂ ಮುಖ್ಯವಾಗಿ ಕೊಡುವುದು, ಶುಗರ್ ಇಳಿದದ್ದು ತಮಗೇ ತಿಳಿಯದೆ ಪದೇ ಪದೇ ಪ್ರಜ್ಞೆ ತಪ್ಪುವಂಥವರಿಗೆ.

ಔಷಧವೇ ಬೇಡ, ಐಲೆಟ್‌ಗಳನ್ನು ಸಣ್ಣ ಗುಳಿಗೆಯಂಥ ಕವಚದೊಳಗೆ ಮುಚ್ಚಿಬಿಟ್ಟರೆ? 1980ರಲ್ಲಿ ಲಿಮ್ ಮತ್ತು ಸನ್ ಎಂಬಿಬ್ಬರು ಕಡಲಕಳೆಯಿಂದ ತೆಗೆದ ಆಲ್ಜಿನೇಟ್‌ನಲ್ಲಿ ಇದನ್ನು ಮಾಡಿದರು. ಇನ್ಸುಲಿನ್, ಸಕ್ಕರೆ, ಆಮ್ಲಜನಕ ತೂರಬೇಕು, ಪ್ರತಿಕಾಯ ಮತ್ತು ಜೀವಕೋಶಗಳು ತೂರಬಾರದು. ಕೇಳಲು ಎಷ್ಟು ಚೆಂದ, ಅಲ್ವಾ? 1996ರಲ್ಲಿ ನ್ಯೂಜಿಲೆಂಡಿನಲ್ಲಿ ಒಬ್ಬರಿಗೆ ಹೀಗೆ ಹಂದಿಮರಿಯ ಐಲೆಟ್ ಹಾಕಿದ್ದರು. ಕೆಲವು ತಿಂಗಳು ಇನ್ಸುಲಿನ್ ಕಡಿಮೆ ಸಾಕಾಯಿತು, ವರ್ಷದೊಳಗೆ ಮತ್ತೆ ಹಳೆಯ ಡೋಸಿಗೇ ಬಂತು. ಒಂಬತ್ತೂವರೆ ವರ್ಷದ ನಂತರ ಹೊಟ್ಟೆಯೊಳಗೆ ನೋಡಿದರೆ ಕೆಲವು ಕೋಶಗಳು ಇನ್ನೂ ಜೀವಂತ! ಕೆಲವು ಮಾತ್ರ. ಕವಚದ ತೊಂದರೆ ಏನೆಂದರೆ, ದೇಹ ಅದರ ಸುತ್ತ ನಾರಿನ ಪದರ ಕಟ್ಟುತ್ತದೆ. ಒಳಗಿನ ಕೋಶಗಳು ಉಸಿರುಗಟ್ಟುತ್ತವೆ. ಪ್ರತಿಕಾಯ ತೂರದಿದ್ದರೂ, ಉರಿಯೂತದ ಸಣ್ಣ ಪ್ರೋಟೀನ್‌ಗಳು ಇನ್ಸುಲಿನ್ ಹೊರಬರುವ ತೂತಿನಿಂದಲೇ ಒಳಗೆ ಹೋಗುತ್ತವೆ. ತಿರಸ್ಕಾರ ತಪ್ಪಿಸಿದ್ದು ಹೌದು, ಉಪವಾಸ ಕೆಡವಿದ್ದೂ ಹೌದು.

ಹಂದಿಯ ವೈರಸ್ ಬಗ್ಗೆಯೂ ಭಯವಿತ್ತು. ಹಂದಿಯ ಜೀನ್‌ಗಳಲ್ಲೇ ಬೆರೆತಿರುವ ರೆಟ್ರೋವೈರಸ್ ಲ್ಯಾಬಿನಲ್ಲಿ ಮನುಷ್ಯನ ಕೋಶಗಳಿಗೆ ಹರಡಬಲ್ಲದು ಎಂದು 1997ರಲ್ಲಿ ತಿಳಿದಾಗ ಕೆಲಸವೇ ಕುಂಟಿತು. ಕಸಿ ಪಡೆದ ಮನುಷ್ಯರಲ್ಲಿ ಇದುವರೆಗೆ ಅದು ಹರಡಿದ್ದು ಕಂಡಿಲ್ಲ. 2017ರಲ್ಲಿ ಅದನ್ನು ನಿಷ್ಕ್ರಿಯಗೊಳಿಸಿದ ಹಂದಿಮರಿಗಳೂ ಹುಟ್ಟಿದವು. ನನಗೆ ಇದು ಈಗ ದೊಡ್ಡ ಅಡ್ಡಿಯಾಗಿ ಕಾಣುವುದಿಲ್ಲ.

ಇನ್ನೊಂದು ಪ್ರಯೋಗ ಹೇಳಲೇಬೇಕು. 2017ರಲ್ಲಿ ಹಿರೋಮಿತ್ಸು ನಕೌಚಿ ತಂಡ ಪ್ಯಾಂಕ್ರಿಯಾಸ್ ಬೆಳೆಯದಂತೆ ಮಾಡಿದ ರ‍್ಯಾಟ್ ಭ್ರೂಣಕ್ಕೆ ಮೌಸ್‌ನ ಕಾಂಡಕೋಶ, ಅಂದರೆ ಯಾವ ಬಗೆಯ ಕೋಶವಾಗಿಯೂ ಬೆಳೆಯಬಲ್ಲ ಕೋಶ, ಸೇರಿಸಿತು. ರ‍್ಯಾಟ್‌ನ ಹೊಟ್ಟೆಯಲ್ಲಿ ಮೌಸ್‌ನ ಪ್ಯಾಂಕ್ರಿಯಾಸ್ ಬೆಳೆಯಿತು. ಅದರ ಐಲೆಟ್ ತೆಗೆದು ಸಕ್ಕರೆ ಕಾಯಿಲೆಯ ಮೌಸ್‌ಗೆ ಹಾಕಿ, ಐದೇ ದಿನ ಔಷಧ ಕೊಟ್ಟು ನಿಲ್ಲಿಸಿದರು. ಒಂದು ವರ್ಷಕ್ಕೂ ಮೀರಿ ಶುಗರ್ ಸರಿಯಿತ್ತು. ಜೊತೆಯಲ್ಲಿ ಬಂದಿದ್ದ ರ‍್ಯಾಟ್‌ನ ನಾಳದ ಕೋಶಗಳನ್ನು ಮಾತ್ರ ದೇಹ ಹುಡುಕಿ ಹೊರಹಾಕಿತು. ಎಲ್ಲಿ ಬೆಳೆಯಿತು ಅನ್ನುವುದಕ್ಕೆ ಬೆಲೆಯಿಲ್ಲ, ಯಾರದ್ದು ಅನ್ನುವುದೇ ಮುಖ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ನೋಡಿಲ್ಲ.

ಆದರೆ ‘ನಮ್ಮದೇ’ ಆದರೆ ಸಾಕು ಅನ್ನುವಂತಿಲ್ಲ, ಟೈಪ್ 1ರಲ್ಲಿ. 1980ರ ದಶಕದಲ್ಲಿ ಅಮೆರಿಕದ ಮಿನೆಸೋಟಾದಲ್ಲಿ, ಕಾಯಿಲೆ ಇಲ್ಲದ ಅವಳಿಯ ಅರ್ಧ ಪ್ಯಾಂಕ್ರಿಯಾಸನ್ನು ಕಾಯಿಲೆ ಇದ್ದ ಅವಳಿಗೆ ಹಾಕಿದರು. ತದ್ರೂಪಿ ಅವಳಿಗಳು, ಜೀನ್ ಒಂದೇ, ತಿರಸ್ಕಾರದ ಮಾತೇ ಇಲ್ಲ. ಔಷಧವನ್ನೂ ಕೊಡಲಿಲ್ಲ. ಕೆಲವೇ ವಾರಗಳಲ್ಲಿ ಸಕ್ಕರೆ ಕಾಯಿಲೆ ಮರಳಿ ಬಂತು. ಗ್ರಂಥಿ ಚೆನ್ನಾಗಿಯೇ ಇತ್ತು, ದೇಹದ ಟಿ ಕೋಶಗಳು ಬೀಟಾ ಕೋಶಗಳನ್ನು ಮಾತ್ರ ಆರಿಸಿ ಕೊಂದಿದ್ದವು, ಮೊದಲ ಸಲ ಕೊಂದ ಹಾಗೆಯೇ. ನಿಮ್ಮ ಮಗಳಲ್ಲಿ ಬೀಟಾ ಕೋಶವನ್ನು ಗುರುತು ಹಿಡಿಯುವ ಟಿ ಕೋಶಗಳು ಈಗಲೂ ಇವೆ. ಯಾವುದೇ ಐಲೆಟ್ ಬಂದರೂ ಈ ಹಳೆಯ ದ್ವೇಷವನ್ನೂ ಎದುರಿಸಬೇಕು.

ಹಾಗಾಗಿಯೇ ಈಗಿನ ಯೋಚನೆ, ದೇಹದ ಕಣ್ಣು ಮುಚ್ಚುವ ಬದಲು ಐಲೆಟ್ಟನ್ನೇ ಕಾಣದಂತೆ ಮಾಡುವುದು. ಸ್ವೀಡನ್ನಿನಲ್ಲಿ ಮನುಷ್ಯ ದಾನಿಯ ಐಲೆಟ್‌ಗಳ ಜೀನ್ ತಿದ್ದಿ, ಎಚ್‌ಎಲ್‌ಎ ಗುರುತುಗಳನ್ನು ತೆಗೆದು, ಸಿಡಿ47 ಹೆಚ್ಚಿಸಿ, ಟೈಪ್ 1 ಇರುವ ಒಬ್ಬರ ಮುಂಗೈ ಸ್ನಾಯುವಿಗೆ ಹಾಕಿದರು. ಗುರುತು ತೆಗೆದರೆ ಟಿ ಕೋಶಗಳಿಗೆ ಕಾಣದು, ಆದರೆ ಗುರುತೇ ಇಲ್ಲದ್ದನ್ನು ಕೊಲ್ಲುವ ಎನ್‌ಕೆ ಕೋಶಗಳಿವೆ, ಅವಕ್ಕಾಗಿ ಸಿಡಿ47. 2025ರಲ್ಲಿ ಬಂದ ವರದಿಯಂತೆ, ಇಮ್ಯುನಿಟಿ ತಗ್ಗಿಸುವ ಒಂದು ಔಷಧವೂ ಇಲ್ಲದೆ ಆ ಕೋಶಗಳು ಉಳಿದು ಇನ್ಸುಲಿನ್ ಮಾಡುತ್ತಿದ್ದವು. ಪೂರ್ತಿ ತಿದ್ದದೆ ಬಿಟ್ಟಿದ್ದ ಕೋಶಗಳು ಅದೇ ದೇಹದಲ್ಲಿ ಸತ್ತವು. ಹಾಕಿದ್ದು ತೀರಾ ಕಡಿಮೆ ಪ್ರಮಾಣ, ಇನ್ಸುಲಿನ್ ಬಿಡುವಷ್ಟಲ್ಲ. ಅದೇ ವರ್ಷ ಕಾಂಡಕೋಶದಿಂದ ಬೆಳೆಸಿದ ಐಲೆಟ್ ಪಡೆದ ಹನ್ನೆರಡು ಜನರಲ್ಲಿ ಹತ್ತು ಮಂದಿ ವರ್ಷದ ಕೊನೆಗೆ ಇನ್ಸುಲಿನ್ ಬಿಟ್ಟಿದ್ದರು. ಆದರೆ ಅವರು ಔಷಧದ ಮೇಲಿದ್ದರು. ಈ ಎರಡೂ ದಾರಿ ಕೂಡಿದರೆ ಹಂದಿಯ ಅಗತ್ಯವೇ ಬೀಳದೆ ಹೋಗಬಹುದು. ಹಂದಿಯ ಮೇಲೆ ಜೀವಮಾನ ಸವೆಸಿದ ನನ್ನ ಗೆಳೆಯರಿಗೆ ಈ ಮಾತು ಹಿಡಿಸುವುದಿಲ್ಲ.

ಕಾಯಬಹುದಾ ಎಂದಿರಿ. ಕಾಯಿರಿ, ಆದರೆ ಇನ್ಸುಲಿನ್ ಸರಿಯಾಗಿ ತೆಗೆದುಕೊಂಡೇ ಕಾಯಿರಿ. ಮುಂದೆ ಯಾವ ಕಸಿ ಬಂದರೂ, ಒಳ್ಳೆಯ ಸ್ಥಿತಿಯಲ್ಲಿರುವ ಮೂತ್ರಪಿಂಡ ಮತ್ತು ಕಣ್ಣು ಇದ್ದವರಿಗೇ ಅದರಿಂದ ಲಾಭ ಜಾಸ್ತಿ. ಈ ನಡುವೆ ಯಾರಾದರೂ ಹಂದಿಯ ಐಲೆಟ್ ಹಾಕಿ ಇನ್ಸುಲಿನ್ ಬಿಡಿಸುತ್ತೇವೆ ಎಂದು ದುಡ್ಡು ಕೇಳಿದರೆ ಮೂರು ಮಾತು ಕೇಳಿ. ಯಾವ ಔಷಧ, ಎಷ್ಟು ವರ್ಷ ಕೊಡುತ್ತೀರಿ? ಕೋತಿಯಲ್ಲಿ ಎಷ್ಟು ದಿನ ಉಳಿದಿದೆ? ಕಸಿ ಆದ ಮೇಲೆ ರೋಗಿಗಳಲ್ಲಿ ಅಳೆದ ಸಿ-ಪೆಪ್ಟೈಡ್ ಹಂದಿಯದ್ದೋ, ಮನುಷ್ಯನದ್ದೋ? ಮೂರನೆಯದಕ್ಕೆ ತಡವರಿಸಿದರೆ ಎದ್ದು ಬನ್ನಿ.